ಉಸಿರಿನ ಪಕ್ಕದಲ್ಲಿ ನಿಂತವರು

(ಸುಂಟಿಕೊಪ್ಪದಲ್ಲಿ ನಡೆದ ಟ್ರಸ್ಟಿನ ವಾರ್ಷಿಕ ಸಭೆ ಮತ್ತು ವಿದ್ಯಾರ್ಥಿವೇತನ ವಿತರಣೆಯಂದು ವಿದ್ಯಾರ್ಥಿವೇತನ ಸಮಿತಿಯ ಪರವಾಗಿ ಮಾಡಿದ ಭಾಷಣ)



ವರ್ಷದ ಲೆಕ್ಕಪತ್ರವನ್ನು ಖಜಾಂಚಿಯವರು ಈಗಷ್ಟೇ ಓದಿದರು. ಎಷ್ಟು ಬಂತು, ಎಷ್ಟು ಹೋಯಿತು ಎಂಬುದು ಅದರಲ್ಲಿದೆ. ನಾವು ಸಮಿತಿಯವರು ಮಾಡಿದ ಒಂದು ತಪ್ಪು ಅದರಲ್ಲಿಲ್ಲ. ಅದನ್ನು ನಿಮ್ಮ ಮುಂದೆ ಹೇಳಿಯೇ ಮಾತು ಶುರು ಮಾಡುತ್ತೇವೆ.

ಕೆಲವು ವರ್ಷಗಳ ಹಿಂದೆ ಎಸ್ಟೇಟ್ ಕಾರ್ಮಿಕರೊಬ್ಬರ ಮಗಳು ನಮ್ಮಲ್ಲಿ ಅರ್ಜಿ ಹಾಕಿದ್ದಳು. ಕೋರ್ಸಿನ ಕಾಲಂನಲ್ಲಿ ‘ಬಿ.ಎಸ್‌ಸಿ. ಅನಸ್ತೇಷಿಯಾ ಮತ್ತು ಆಪರೇಷನ್ ಥಿಯೇಟರ್ ಟೆಕ್ನಾಲಜಿ’ ಎಂದು ಬರೆದಿತ್ತು. ಅದು ಏನೆಂದು ನಮ್ಮಲ್ಲಿ ಯಾರಿಗೂ ಗೊತ್ತಿರಲಿಲ್ಲ. ಎಂ.ಬಿ.ಬಿ.ಎಸ್., ಎಂಜಿನಿಯರಿಂಗ್, ನರ್ಸಿಂಗ್, ಬಿ.ಎಡ್. - ನಮಗೆ ಗೊತ್ತಿದ್ದ ದಾರಿಗಳು ಅಷ್ಟೇ. ಅರ್ಜಿಯನ್ನು ‘ಇತರೆ’ ಎಂಬ ಫೈಲಿಗೆ ಹಾಕಿದೆವು. ಕೊನೆಗೆ ಹಣ ಉಳಿದರೆ ನೋಡೋಣ ಎಂದೆವು. ಹಣ ಉಳಿಯಲಿಲ್ಲ. ಅವಳ ತಾಯಿ ಬಳೆ ಅಡವಿಟ್ಟು ಮಗಳನ್ನು ಓದಿಸಿದರು.

ಕಳೆದ ಮಳೆಗಾಲದಲ್ಲಿ ನಮ್ಮ ಸಮಿತಿಯ ಒಬ್ಬ ಹಿರಿಯರ ಮೊಮ್ಮಗನಿಗೆ ರಾತ್ರೋರಾತ್ರಿ ಅಪೆಂಡಿಕ್ಸ್ ಆಪರೇಷನ್ ಆಗಬೇಕಾಯಿತು. ಘಟ್ಟ ಇಳಿದು ದೊಡ್ಡ ಆಸ್ಪತ್ರೆಗೆ ಹೋದರು. ಥಿಯೇಟರಿನ ಬಾಗಿಲಲ್ಲಿ ಹಸಿರು ಬಟ್ಟೆ ಹಾಕಿಕೊಂಡ ಹುಡುಗಿಯೊಬ್ಬಳು ಬಂದು, “ಕಾಕಾ, ನಾನೂ ಸುಂಟಿಕೊಪ್ಪದವಳೇ. ಮಿಷನ್ ಎಲ್ಲ ನಾನೇ ಚೆಕ್ ಮಾಡಿದ್ದೇನೆ, ಡಾಕ್ಟರೂ ಬಂದಿದ್ದಾರೆ. ಹೆದರಬೇಡಿ” ಎಂದಳಂತೆ. ಅವಳು ಯಾರ ಮಗಳು ಎಂದು ವಿಚಾರಿಸಿದ ಮೇಲೆ ಆ ಹಿರಿಯರಿಗೆ ಮಾತೇ ಹೊರಡಲಿಲ್ಲ. ಮುಂದಿನ ಸಭೆಯಲ್ಲಿ ಆ ಹಳೆಯ ಫೈಲನ್ನು ತೆಗೆಸಿ ಮೇಜಿನ ಮೇಲೆ ಇಟ್ಟವರು ಅವರೇ.

ಆದ್ದರಿಂದ ಈ ವರ್ಷ ನಾವು ಅರಿವಳಿಕೆ ಎಂಬ ವಿದ್ಯೆಯ ಬಗ್ಗೆ ಸ್ವಲ್ಪ ಓದಿಕೊಂಡು ಬಂದಿದ್ದೇವೆ. ಗೊತ್ತಿಲ್ಲದ ಕಾರಣಕ್ಕೆ ಇನ್ನೊಂದು ಅರ್ಜಿ ಬದಿಗೆ ಹೋಗಬಾರದು.

ಆಪರೇಷನ್ ಎಂದರೆ ನಮಗೆಲ್ಲ ನೆನಪಿಗೆ ಬರುವುದು ಸರ್ಜನ್. ಹಾರ ತುರಾಯಿ, ಸಿಹಿ ಡಬ್ಬಿ ಎಲ್ಲವೂ ಅವರಿಗೇ. ರೋಗಿಯ ತಲೆಯ ಬಳಿ ಕುಳಿತು, ಕೊಯ್ಯುವುದರಿಂದ ಹೊಲಿಯುವವರೆಗೂ ಅವನ ಉಸಿರು, ನಾಡಿ, ರಕ್ತದೊತ್ತಡ ನೋಡುತ್ತಿರುವ ಇನ್ನೊಬ್ಬ ವೈದ್ಯರ ಹೆಸರು ಎಷ್ಟೋ ಮನೆಯವರಿಗೆ ಗೊತ್ತೇ ಇರುವುದಿಲ್ಲ. ಮತಿ ತಪ್ಪಿಸುವುದು ಅವರ ಕೆಲಸದ ಅರ್ಧ ಭಾಗ. ಮತಿ ತಪ್ಪಿದವನನ್ನು ಕಾದು, ಮತ್ತೆ ಎಬ್ಬಿಸಿ ಮನೆಯವರ ಕೈಗೆ ಕೊಡುವುದು ಉಳಿದರ್ಧ.

ಈ ವಿದ್ಯೆಗೆ ಇನ್ನೂ ಇನ್ನೂರು ವರ್ಷ ಆಗಿಲ್ಲ. 1846ರ ಅಕ್ಟೋಬರ್ 16ರಂದು ಅಮೆರಿಕದ ಬಾಸ್ಟನ್ನಿನಲ್ಲಿ ವಿಲಿಯಂ ಮಾರ್ಟನ್ ಈಥರ್ ಕೊಟ್ಟು ತೋರಿಸಿದರು. ಮರುವರ್ಷ ಎಡಿನ್‌ಬರೋದಲ್ಲಿ ಜೇಮ್ಸ್ ಸಿಂಪ್ಸನ್ ಕ್ಲೋರೋಫಾರಂ ಬಳಕೆಗೆ ತಂದರು. ಆದರೆ 1848ರ ಜನವರಿಯಲ್ಲೇ ಇಂಗ್ಲೆಂಡಿನಲ್ಲಿ ಹ್ಯಾನಾ ಗ್ರೀನರ್ ಎಂಬ 15 ವರ್ಷದ ಹುಡುಗಿ ಕಾಲ್ಬೆರಳಿನ ಉಗುರು ತೆಗೆಸಿಕೊಳ್ಳಲು ಹೋಗಿ ಕ್ಲೋರೋಫಾರಂನಿಂದ ತೀರಿಕೊಂಡಳು. ಕ್ಲೋರೋಫಾರಂ ಕೊಲ್ಲುವುದು ಉಸಿರು ನಿಲ್ಲಿಸಿಯೋ, ಹೃದಯ ನಿಲ್ಲಿಸಿಯೋ? ಈ ಪ್ರಶ್ನೆಯ ಮೇಲೆ ವೈದ್ಯರು ದಶಕಗಟ್ಟಲೆ ಜಗಳವಾಡಿದರು.

ಆ ಪ್ರಶ್ನೆಗೆ ಉತ್ತರ ಹುಡುಕಲು ಹಣ ಕೊಟ್ಟವರು ಲಂಡನ್ನಿನ ಸಿರಿವಂತರಲ್ಲ, ಹೈದರಾಬಾದಿನ ಆರನೆಯ ನಿಜಾಮ ಮೀರ್ ಮಹಬೂಬ್ ಅಲಿ ಖಾನ್. ನಮ್ಮ ಕಲಬುರಗಿ, ಬೀದರ್, ರಾಯಚೂರು ಆಗ ಅವರ ಸಂಸ್ಥಾನದಲ್ಲೇ ಇದ್ದವು. ಹೈದರಾಬಾದ್ ವೈದ್ಯಕೀಯ ಶಾಲೆಯ ಮುಖ್ಯಸ್ಥ ಎಡ್ವರ್ಡ್ ಲಾರಿ, ನಾಡಿಗಿಂತ ಉಸಿರನ್ನು ನೋಡಿ ಎಂದು ಕಲಿಸುತ್ತಿದ್ದರು. 1888ರಲ್ಲಿ ಅಲ್ಲಿ ಮೊದಲ ಕ್ಲೋರೋಫಾರಂ ಆಯೋಗ ನಡೆಯಿತು. ಲಂಡನ್ನಿನ ‘ದಿ ಲ್ಯಾನ್ಸೆಟ್’ ಪತ್ರಿಕೆ ಅದನ್ನು ಒಪ್ಪಲಿಲ್ಲ. ಆಗ ನಿಜಾಮರು ಒಂದು ಸಾವಿರ ಪೌಂಡ್ ಕೊಟ್ಟು, ಪತ್ರಿಕೆಯವರೇ ತಮ್ಮ ತಜ್ಞರನ್ನು ಕಳುಹಿಸಲಿ ಎಂದರು. 1889ರಲ್ಲಿ ಲಾಡರ್ ಬ್ರಂಟನ್ ಬಂದರು. ಪ್ರಾಣಿಗಳ ಮೇಲೆ ನೂರಾರು ಪ್ರಯೋಗಗಳಾದವು. ಮೊದಲು ನಿಲ್ಲುವುದು ಉಸಿರೇ ಎಂದು ಆಯೋಗ ತೀರ್ಮಾನಿಸಿತು.

ಇಲ್ಲಿಗೆ ಕಥೆ ಮುಗಿಯಿತು ಎಂದರೆ ನಾವು ಅರ್ಧಸತ್ಯ ಹೇಳಿದಂತಾಗುತ್ತದೆ. ಆ ತೀರ್ಮಾನ ಪೂರ್ತಿ ಸರಿ ಇರಲಿಲ್ಲ. 1911ರಲ್ಲಿ ಎ. ಜಿ. ಲೆವಿ ಎಂಬವರು, ಹಗುರವಾಗಿ ಕ್ಲೋರೋಫಾರಂ ಕೊಟ್ಟಾಗಲೂ ಹೃದಯ ಲಯ ತಪ್ಪಿ ಒಮ್ಮೆಗೇ ನಿಂತುಹೋಗಬಹುದು ಎಂದು ತೋರಿಸಿದರು. ಮುಂದೆ ಕ್ಲೋರೋಫಾರಂ ಬಳಕೆಯೇ ಹೋಯಿತು. ಹಾಗಾದರೆ ನಿಜಾಮರ ಹಣ ದಂಡವಾಯಿತೇ? ಇಲ್ಲ ಎಂದು ನಾವು ತಿಳಿಯುತ್ತೇವೆ. ಉಸಿರಿನ ಮೇಲಿಂದ ಕಣ್ಣು ತೆಗೆಯಬೇಡಿ ಎಂಬ ಪಾಠ ಇವತ್ತಿಗೂ ಉಳಿದಿದೆ. ಅವರು ವಿರೋಧಿಸಿದವರನ್ನೇ ಕರೆಸಿ ಪರೀಕ್ಷೆ ಮಾಡಿಸಿದರು ಎಂಬುದೂ ಸಣ್ಣ ಮಾತಲ್ಲ. ದಾನಿ ಹಣ ಕೊಡಬಹುದು, ಉತ್ತರ ಇಂಥದ್ದೇ ಬರಲಿ ಎಂದು ಹೇಳಬಾರದು.

ಆ ಶಾಲೆಯಿಂದ ಇನ್ನೊಂದು ಫಲವೂ ಬಂತು. 1885ರಲ್ಲಿ ಅಲ್ಲಿಗೆ ಐವರು ಹೆಣ್ಣುಮಕ್ಕಳು ಸೇರಿದರು. ಅವರಲ್ಲಿ ಒಬ್ಬರು ರೂಪಾ ಬಾಯಿ ಫರ್ದೂನ್‌ಜಿ, ಪಾರ್ಸಿ ಮನೆತನದವರು. 1889ರಲ್ಲಿ ಓದು ಮುಗಿಸಿದರು, ಕ್ಲೋರೋಫಾರಂ ಆಯೋಗದ ಕೆಲಸದಲ್ಲೂ ಭಾಗವಹಿಸಿದರು, ಹೈದರಾಬಾದಿನ ಆಸ್ಪತ್ರೆಗಳಲ್ಲಿ ಅನೇಕ ವರ್ಷ ಅರಿವಳಿಕೆ ಕೊಟ್ಟರು. ಜಗತ್ತಿನ ಮೊದಲ ಮಹಿಳಾ ಅರಿವಳಿಕೆ ವೈದ್ಯೆ ಎಂದು ಇಂದು ಅವರನ್ನು ನೆನೆಯುತ್ತಾರೆ. ಇಪ್ಪತ್ತು ವರ್ಷ ಕೆಲಸ ಮಾಡಿದ ಮೇಲೂ ಇನ್ನೂ ಕಲಿಯಬೇಕು ಎಂದು 1909ರಲ್ಲಿ ಎಡಿನ್‌ಬರೋಗೆ ಹೋಗಿ ಭೌತಶಾಸ್ತ್ರ, ರಸಾಯನಶಾಸ್ತ್ರ ಓದಿದರು. ಮದುವೆ ಆಯಿತು, ಇನ್ನೇನು ಓದು ಎನ್ನುವ ಮನೆಗಳು ನಮ್ಮಲ್ಲಿ ಇನ್ನೂ ಇವೆ. ಅವರಿಗಾಗಿ ಈ ಮಾತು ಹೇಳುತ್ತಿದ್ದೇವೆ.

ಅದೇ 1909ರಲ್ಲಿ ಅಮೆರಿಕದ ನ್ಯೂಜೆರ್ಸಿಯಲ್ಲಿ ಒಂದು ಹೆಣ್ಣುಮಗು ಹುಟ್ಟಿತು. ಹೆಸರು ವರ್ಜೀನಿಯಾ ಅಪ್ಗರ್. ಈ ಹೆಸರು ಕೇಳಿಲ್ಲ ಎನ್ನಬೇಡಿ. ನಿಮ್ಮ ಮನೆಯಲ್ಲಿ ಈಚೆಗೆ ಹೆರಿಗೆ ಆಗಿದ್ದರೆ ಆಸ್ಪತ್ರೆಯ ಡಿಸ್ಚಾರ್ಜ್ ಕಾಗದ ತೆಗೆದು ನೋಡಿ. ‘ಅಪ್ಗರ್ 8, 9’ ಎಂದು ಬರೆದಿರಬಹುದು. ಆ ಅಪ್ಗರ್ ಇವರೇ.

ಅವರು ಶ್ರೀಮಂತರ ಮಗಳಾಗಿರಲಿಲ್ಲ. ಕಾಲೇಜಿನಲ್ಲಿ ಸಿಕ್ಕಿದ ಸಣ್ಣಪುಟ್ಟ ಕೆಲಸ ಮಾಡಿಕೊಂಡು ಓದಿದರು. 1933ರಲ್ಲಿ ಕೊಲಂಬಿಯಾ ವಿಶ್ವವಿದ್ಯಾಲಯದಿಂದ ಡಾಕ್ಟರ್ ಆಗಿ ಹೊರಬಂದಾಗ ತಲೆಯ ಮೇಲೆ ನಾಲ್ಕು ಸಾವಿರ ಡಾಲರ್‌ನಷ್ಟು ಸಾಲ. ಸರ್ಜನ್ ಆಗಬೇಕೆಂಬ ಆಸೆ ಇತ್ತು. ಹೆಂಗಸು ಸರ್ಜನ್ ಆದರೆ ಹೊಟ್ಟೆ ತುಂಬುವುದು ಕಷ್ಟ, ಅರಿವಳಿಕೆ ಕಲಿ, ಆ ವಿಭಾಗಕ್ಕೆ ಬುದ್ಧಿವಂತರು ಬೇಕು ಎಂದು ಗುರುಗಳು ಹೇಳಿದರು. ಆ ಕಾಲದಲ್ಲಿ ಅದಕ್ಕೆ ಅಂಥ ಗೌರವವೂ ಇರಲಿಲ್ಲ, ಹೆಚ್ಚಾಗಿ ನರ್ಸುಗಳೇ ಮಾಡುತ್ತಿದ್ದರು. ಅಪ್ಗರ್ ಅದನ್ನೇ ಹಿಡಿದರು. 1938ರಲ್ಲಿ ಕೊಲಂಬಿಯಾದ ಅರಿವಳಿಕೆ ವಿಭಾಗದ ಹೊಣೆ ಹೊತ್ತರು, 1949ರಲ್ಲಿ ಆ ವೈದ್ಯಕೀಯ ಕಾಲೇಜಿನ ಮೊದಲ ಮಹಿಳಾ ಪೂರ್ಣ ಪ್ರಾಧ್ಯಾಪಕರಾದರು.

ಹೆರಿಗೆ ಕೋಣೆಯಲ್ಲಿ ತಾಯಿಗೆ ಅರಿವಳಿಕೆ ಕೊಡುತ್ತಿದ್ದಾಗ ಅವರು ಒಂದು ವಿಷಯ ಗಮನಿಸಿದರು. ಎಲ್ಲರ ಕಣ್ಣು ತಾಯಿಯ ಮೇಲೆ. ಹುಟ್ಟಿದ ಕೂಡಲೇ ಅಳದ, ನೀಲಿಗಟ್ಟಿದ ಮಗು ಉಳಿಯುವುದಿಲ್ಲ ಎಂದು ಎಷ್ಟೋ ಸಲ ಬದಿಗೆ ಇಡುತ್ತಿದ್ದರು. ಅಪ್ಗರ್ ಐದು ಗುರುತು ಮಾಡಿದರು: ಹೃದಯದ ಬಡಿತ, ಉಸಿರಾಟ, ಕೈಕಾಲಿನ ಬಿಗಿ, ಕೆಣಕಿದರೆ ತೋರುವ ಪ್ರತಿಕ್ರಿಯೆ, ಮೈಬಣ್ಣ. ಒಂದೊಂದಕ್ಕೆ ಸೊನ್ನೆಯಿಂದ ಎರಡು ಅಂಕ, ಒಟ್ಟು ಹತ್ತು. ಹುಟ್ಟಿದ ಒಂದು ನಿಮಿಷಕ್ಕೆ ಎಣಿಸಬೇಕು. ಮುಂದೆ ಐದನೆಯ ನಿಮಿಷದ ಎಣಿಕೆಯೂ ಸೇರಿತು. 1953ರಲ್ಲಿ ಇದು ಅಚ್ಚಾಯಿತು. ಯಂತ್ರ ಬೇಡ, ಖರ್ಚಿಲ್ಲ. ಅಂಕ ಹಾಕಬೇಕಾದರೆ ಮಗುವನ್ನು ನೋಡಲೇಬೇಕು, ನೋಡಿದವರು ಸುಮ್ಮನಿರಲಾರರು.

ಅವರು ಅಷ್ಟಕ್ಕೇ ಬಿಡಲಿಲ್ಲ. ತಾಯಿಗೆ ಕೊಡುತ್ತಿದ್ದ ಸೈಕ್ಲೋಪ್ರೊಪೇನ್ ಎಂಬ ಅನಿಲ ಮಗುವನ್ನೂ ಮಂಕಾಗಿಸುತ್ತದೆ ಎಂದು ಸಂಗಡಿಗರೊಂದಿಗೆ ರಕ್ತಪರೀಕ್ಷೆ ಮಾಡಿ ತೋರಿಸಿದರು. ತಾವೇ ಬಳಸುತ್ತಿದ್ದ ಔಷಧದ ತಪ್ಪನ್ನು ತಾವೇ ಹುಡುಕಿದರು. ಇದಕ್ಕಿಂತ ದೊಡ್ಡ ಸಂಶೋಧನೆ ಯಾವುದು? ಒಂದು ಎಚ್ಚರಿಕೆ ಮಾತ್ರ: ಆ ಅಂಕ ಮಗುವಿನ ಬುದ್ಧಿಯ ಅಳತೆಯಲ್ಲ. ಒಂದನೇ ನಿಮಿಷ ಐದು ಬಂದರೆ ಮಗು ದಡ್ಡ ಎಂದು ಯಾರೂ ಕಣ್ಣೀರು ಹಾಕಬೇಡಿ.

ತಂದೆ ತಾಯಂದಿರಿಗೆ ಇನ್ನೊಂದು ಕಿವಿಮಾತು. ಆಪರೇಷನ್‌ಗೆ ಮುಂಚೆ ಅರಿವಳಿಕೆ ವೈದ್ಯರು ಬಂದು ಪ್ರಶ್ನೆ ಕೇಳುತ್ತಾರೆ. ದಮ್ಮು ಇದೆಯೇ, ಯಾವ ಮಾತ್ರೆ ತಿನ್ನುತ್ತೀರಿ, ಹಲ್ಲು ಅಲುಗಾಡುತ್ತಿದೆಯೇ, ಹಿಂದೆ ಮದ್ದು ಒಗ್ಗದೆ ಹೋಗಿದೆಯೇ ಎಂದು. ಏನನ್ನೂ ಮುಚ್ಚಿಡಬೇಡಿ. ಏನೂ ಕೊಡಬಾರದು ಎಂದ ಮೇಲೆ, ಪಾಪ ಮಗು ಹಸಿದಿದೆ ಎಂದು ಅಜ್ಜಿ ಗುಟ್ಟಾಗಿ ಹಾಲು ಕುಡಿಸಬಾರದು. ಮತಿ ತಪ್ಪಿದಾಗ ಹೊಟ್ಟೆಯಲ್ಲಿರುವುದು ಶ್ವಾಸಕೋಶಕ್ಕೆ ಇಳಿದರೆ ಪ್ರಾಣಕ್ಕೇ ಕುತ್ತು. ಕೊಟ್ಟಿದ್ದರೆ ಕೊಟ್ಟಿದ್ದೇವೆ ಎಂದು ಹೇಳಿಬಿಡಿ. ಬೈಗುಳ ತಿನ್ನಬಹುದು, ಮಗು ಉಳಿಯುತ್ತದೆ.

ವಿದ್ಯಾರ್ಥಿಗಳೇ, ಈ ದಾರಿ ಎರಡು ಬಗೆ. ಎಂ.ಬಿ.ಬಿ.ಎಸ್. ಮುಗಿಸಿ ಮೂರು ವರ್ಷ ಎಂ.ಡಿ. ಮಾಡಿದರೆ ಅರಿವಳಿಕೆ ತಜ್ಞರಾಗಬಹುದು. ಪಿಯುಸಿ ವಿಜ್ಞಾನದ ನಂತರ ಬಿ.ಎಸ್‌ಸಿ. ಮಾಡಿದರೆ ಟೆಕ್ನಾಲಜಿಸ್ಟ್ ಆಗಬಹುದು. ಇವರು ಯಂತ್ರ, ಅನಿಲ, ಔಷಧ, ಮಾನಿಟರ್ ಎಲ್ಲವನ್ನೂ ಸಿದ್ಧಮಾಡಿ ವೈದ್ಯರ ಜೊತೆ ನಿಲ್ಲುತ್ತಾರೆ. ಸೇರುವ ಮುಂಚೆ ಕಾಲೇಜಿಗೆ ರಾಜೀವ್ ಗಾಂಧಿ ಆರೋಗ್ಯ ವಿಜ್ಞಾನಗಳ ವಿಶ್ವವಿದ್ಯಾಲಯದ ಮಾನ್ಯತೆ ಇದೆಯೇ ಎಂದು ನೋಡಿಕೊಳ್ಳಿ. ಜಾಹೀರಾತು ನಂಬಿ ಶುಲ್ಕ ಕಟ್ಟಬೇಡಿ. ಮಡಿಕೇರಿಯಲ್ಲೇ ಈಗ ಸರಕಾರಿ ವೈದ್ಯಕೀಯ ಕಾಲೇಜು ಇದೆ, ಅಲ್ಲಿಗೆ ಹೋಗಿ ವಿಚಾರಿಸಿ.

ಈ ವರ್ಷ ಸಮಿತಿ ಮೂರು ನಿರ್ಣಯ ಮಾಡಿದೆ. ಒಂದು, ಅರ್ಜಿ ನಮೂನೆಯಲ್ಲಿ ‘ಇತರೆ’ ಎಂಬ ಕಾಲಂ ಇನ್ನು ಇಲ್ಲ. ಆರೋಗ್ಯ ಕ್ಷೇತ್ರದ ಎಲ್ಲ ಮಾನ್ಯ ಕೋರ್ಸುಗಳನ್ನೂ ಒಂದೇ ಸಾಲಿನಲ್ಲಿ ನೋಡುತ್ತೇವೆ. ಎರಡು, ನಮಗೆ ಗೊತ್ತಿಲ್ಲದ ಕೋರ್ಸಿನ ಅರ್ಜಿ ಬಂದರೆ, ಆ ವಿದ್ಯೆ ಬಲ್ಲವರನ್ನು ಕೇಳದೆ ಅದನ್ನು ಬದಿಗೆ ಇಡುವುದಿಲ್ಲ. ಮೂರು, ಆ ತಾಯಿಯ ಬಳೆಯ ಸಾಲದಲ್ಲಿ ಉಳಿದಿರುವುದನ್ನು ಟ್ರಸ್ಟ್ ತೀರಿಸುತ್ತದೆ. ಇದನ್ನು ನಾವು ದಾನ ಎಂದು ಬರೆದಿಲ್ಲ. ‘ತಡವಾಗಿ ಕೊಟ್ಟ ವಿದ್ಯಾರ್ಥಿವೇತನ’ ಎಂದು ಲೆಕ್ಕದ ಪುಸ್ತಕದಲ್ಲಿ ಬರೆದಿದ್ದೇವೆ.

ಅಂಕಪಟ್ಟಿ, ಕಾಲೇಜಿನ ಪ್ರವೇಶ ಪತ್ರ, ಆದಾಯ ಪ್ರಮಾಣಪತ್ರ, ಪಾಸ್‌ಬುಕ್ಕಿನ ಪ್ರತಿ ಇಟ್ಟುಕೊಂಡು ಅರ್ಜಿ ಹಾಕಿ. ನಮೂನೆ ತುಂಬಲು ತಿಳಿಯದಿದ್ದರೆ ಕಚೇರಿಗೆ ಬನ್ನಿ, ಕೂತು ತುಂಬಿಸಿ ಕೊಡುತ್ತೇವೆ.

ಆ ಹುಡುಗಿಯನ್ನು ಇವತ್ತು ವೇದಿಕೆಗೆ ಕರೆದಿದ್ದೆವು. ಬರಲಾಗಲಿಲ್ಲ, ಡ್ಯೂಟಿ ಇದೆಯಂತೆ. ನಾವು ಇಲ್ಲಿ ಮಾತನಾಡುತ್ತಿರುವ ಈ ಹೊತ್ತಿನಲ್ಲಿ ಯಾರದೋ ಮನೆಯ ಉಸಿರಿನ ಪಕ್ಕದಲ್ಲಿ ಅವಳು ನಿಂತಿರಬಹುದು. ಅವಳ ತಾಯಿ ಮಾತ್ರ ಹಿಂದಿನ ಸಾಲಿನಲ್ಲಿ ಕೂತಿದ್ದಾರೆ. ದಾನಿಗಳಿಗೆಲ್ಲ ಧನ್ಯವಾದ ಹೇಳುವ ಮೊದಲು, ನಮ್ಮ ಪಾಲಿನ ಹೊರೆಯನ್ನು ಒಬ್ಬರೇ ಹೊತ್ತ ಆ ತಾಯಿಗೆ ಸಮಿತಿಯ ಪರವಾಗಿ ಸಲಾಂ ಹೇಳುತ್ತೇವೆ. ನಿಮ್ಮೆಲ್ಲರ ದುಆದಲ್ಲಿ ಈ ಮಕ್ಕಳಿರಲಿ.