ಯುಗಾದಿಗೆ ಮುಂಚೆ ಮನೆ ಒಪ್ಪ ಮಾಡುವುದು

(ದಿಂಡೋರಿಯಲ್ಲಿ ಹೋಟೆಲು ಕಾರ್ಮಿಕರ ಕುಟುಂಬಗಳು ಕೂಡಿದ್ದಾಗ ಆಡಿದ ಮಾತು)



ಮುಂಬಯಿಯಿಂದ ಸಂಘದವರು ಬರುತ್ತಾರೆಂದರೆ ಪಗಾರದ ವಿಷಯವೋ ಬೋನಸ್ಸಿನ ವಿಷಯವೋ ಇರಬೇಕೆಂದು ನೀವು ಎಣಿಸಿರಬಹುದು. ಇವತ್ತು ನಾವು ಎದ್ದು ನಿಂತದ್ದು ಕಸದ ವಿಷಯ ಮಾತಾಡಲಿಕ್ಕೆ. ನಗಬೇಡಿ. ಏಳನೆಯ ಕ್ಲಾಸು ಮುಗಿಸಿ ಪುಸ್ತಕ ಕೆಳಗಿಟ್ಟವರು ನಾವು. ಅದರ ಬದಲಿಗೆ ಕೈಗೆ ಸಿಕ್ಕಿದ್ದು ಟೇಬಲ್ ಒರೆಸುವ ಬಟ್ಟೆ. ಆದುದರಿಂದ ಬೇರೆ ಯಾವ ವಿಷಯದಲ್ಲಿ ಅಲ್ಲದಿದ್ದರೂ ಈ ವಿಷಯದಲ್ಲಿ ನಮಗೆ ಸ್ವಲ್ಪ ಅಧಿಕಾರ ಉಂಟು.

ಪೊರಕೆಯ ಮಾತು ಈ ಸೀಮೆಯಲ್ಲಿ ಎತ್ತಿದರೆ ಗಾಡಗೆ ಬಾಬಾ ಅವರ ಹೆಸರು ಹೇಳದೆ ಮುಂದೆ ಹೋಗಲಾಗದು. 1876ರಲ್ಲಿ ಹುಟ್ಟಿ 1956ರಲ್ಲಿ ತೀರಿಕೊಂಡ ಆ ಮನುಷ್ಯನ ಆಸ್ತಿಯೆಂದರೆ ಚಿಂದಿ ಬಟ್ಟೆ, ಒಂದು ಮಣ್ಣಿನ ಪಾತ್ರೆ, ಒಂದು ಪೊರಕೆ. ಊರಿಗೆ ಬಂದರೆ ಹಗಲೆಲ್ಲ ಬೀದಿ ಗುಡಿಸುವುದು, ರಾತ್ರಿ ಕೀರ್ತನೆ. ಮೊದಲು ಕೆಲಸ, ಆಮೇಲೆ ಮಾತು. ತನಗೆ ಒಂದು ಖೋಲಿ ಕಟ್ಟಿಕೊಳ್ಳದವರು ನಾಸಿಕದಲ್ಲೂ ಪಂಢರಪುರದಲ್ಲೂ ಬಡವರಿಗೆ ಧರ್ಮಶಾಲೆ ಕಟ್ಟಿಸಿದರು. ನಾವು ಇವತ್ತು ಗುಡಿಸದೆ ಮಾತಾಡುತ್ತಿದ್ದೇವೆ. ಅದು ನಮ್ಮ ತಪ್ಪೇ.

ಈಗಲೇ ಯಾಕೆ ಈ ಮಾತು ಎಂದರೆ, ದಿಂಡೋರಿಯಲ್ಲಿ ನಮ್ಮವರಿಗೆ ಬಿಡುವು ಸಿಗುವುದೇ ಈ ನಾಲ್ಕು ದಿನ. ಪಾಡ್ವದಿಂದ ಎಣಿಸಿದರೆ ಒಂಬತ್ತನೆಯ ತಿಥಿಗೆ ರಾಮನವಮಿ. ಅಲ್ಲಿಂದ ಚೈತ್ರ ಹುಣ್ಣಿಮೆಯವರೆಗೆ ಸಪ್ತಶೃಂಗಿಯ ಜಾತ್ರೆ. ನಾಸಿಕದಿಂದ ವಣಿಗೆ ಹೋಗುವ ಈ ರಸ್ತೆಯಲ್ಲಿ ಕಾಲ್ನಡಿಗೆಯವರು, ಟೆಂಪೋದವರು, ಜೀಪಿನವರು ಹಗಲು ರಾತ್ರಿ ಹರಿಯುತ್ತಾರೆ. ಆಗ ಹೋಟೆಲಿನಲ್ಲಿ ಚಹಾದ ಪಾತ್ರೆ ಒಲೆಯಿಂದ ಇಳಿಯುವುದಿಲ್ಲ, ಮನೆ ಕಡೆ ಯಾರು ನೋಡುತ್ತಾರೆ? ಇನ್ನು ನಮ್ಮ ಕರಾವಳಿಯವರ ಹೊಸ ವರ್ಷವೋ ಸೌರಮಾನದ್ದು, ಏಪ್ರಿಲ್ ನಡುವಿಗೆ ಬರುವುದು. 'ನಮ್ಮ ಹಬ್ಬಕ್ಕೆ ಇನ್ನೂ ದಿನ ಉಂಟಲ್ಲ' ಎಂದು ತಳ್ಳುತ್ತ ಹೋದರೆ ಜಾತ್ರೆ ಬರುತ್ತದೆ, ಬಿಸು ಬರುತ್ತದೆ, ಮಳೆಯೂ ಬರುತ್ತದೆ. ಅಟ್ಟದ ಧೂಳು ಅಟ್ಟದಲ್ಲೇ ಇರುತ್ತದೆ. ಪಕ್ಕದ ಮನೆಯ ಮರಾಠಿ ತಾಯಂದಿರನ್ನು ನೋಡಿ. ನವರಾತ್ರಿಯಲ್ಲಿ ಘಟ ಕೂಡಿಸುವ ಮುಂಚೆ ಮನೆಯಲ್ಲಿರುವ ಗೋಧಡಿ, ಚಾದರ ಒಂದೂ ಬಿಡದೆ ನೀರಿಗೆ ಹಾಕುತ್ತಾರೆ. ನಮ್ಮ ಧಾರವಾಡ, ಬಿಜಾಪುರದ ಕಡೆಯವರೂ ಮಹಾನವಮಿಗೆ ಕೌದಿಗಳನ್ನು ಹಾಗೆಯೇ ಹೊಳೆಗೆ ಒಯ್ಯುವವರು. ಹಬ್ಬ ಎಂಬ ನೆಪ ಇಲ್ಲದಿದ್ದರೆ ಬಡವನ ಮನೆಗೆ ವರ್ಷಕ್ಕೊಮ್ಮೆಯೂ ಬಿಸಿಲು ಬೀಳುತ್ತಿರಲಿಲ್ಲವೇನೋ.

ಗಂಡಸರಿಗೆ ಒಂದು ಮಾತು ಮೊದಲೇ ಹೇಳಿ ಮುಗಿಸುತ್ತೇವೆ. ಹೋಟೆಲಿನಲ್ಲಿ ದಿನಕ್ಕೆ ಇನ್ನೂರು ಸಲ ಟೇಬಲ್ ಒರೆಸುವ ಕೈ ಮನೆಗೆ ಬಂದ ಕೂಡಲೇ ತಾನು ಉಂಡ ತಟ್ಟೆಯನ್ನೂ ಎತ್ತಲಾರದಂತೆ ಸೋತುಬಿಡುತ್ತದೆ. ಇದು ಯಾವ ರೋಗ ಎಂದು ನಮಗೆ ಇನ್ನೂ ಗೊತ್ತಾಗಿಲ್ಲ. ನಮಗೂ ಇತ್ತು. ಮನೆಯವರು ಬಿಡಿಸಿದರು.

ಈಗ ಕೆಲಸಕ್ಕೆ ಬರೋಣ. ನಮ್ಮ ಮನೆ ಎಂದರೆ ಎಷ್ಟು? ಮುಂದೆ ಒಂದು ಖೋಲಿ, ಹಿಂದೆ ಅಡಿಗೆಯದು, ಮೂಲೆಯಲ್ಲಿ ಮೋರಿ, ಮೇಲೆ ಹಲಗೆಯ ಅಟ್ಟ. ಹೋಟೆಲು ಮುಚ್ಚುವಾಗ ತೊಳೆಯುವ ಕ್ರಮವೇ ಇಲ್ಲಿಯೂ: ಮೇಲಿನಿಂದ ಕೆಳಗೆ, ಒಳಗಿನಿಂದ ಬಾಗಿಲಿಗೆ. ನೆಲ ಒರೆಸಿ ಆದ ಮೇಲೆ ಫ್ಯಾನಿನ ರೆಕ್ಕೆ ಒರೆಸುವವನನ್ನು ಮ್ಯಾನೇಜರು ಏನೆಂದು ಕರೆಯುತ್ತಾರೆಂದು ನಿಮಗೇ ಗೊತ್ತು.

ಅಟ್ಟದಲ್ಲಿ ಏನಿರುತ್ತದೆ? 'ಎಂದಾದರೂ ಬೇಕಾದೀತು' ಎಂದು ಇಟ್ಟದ್ದು. ಕಾಲು ಮುರಿದ ಸ್ಟೂಲು, ಸುಟ್ಟ ಮಿಕ್ಸಿ, ಮೂರು ಹೋಟೆಲಿನ ಮೂರು ಬಣ್ಣದ ಯೂನಿಫಾರಂ. ಬಟ್ಟೆಯನ್ನು ಎಸೆಯಬೇಕಾಗಿಲ್ಲ. ಹಳೆಯ ಸೀರೆ ತೆಗೆದುಕೊಂಡು ಸ್ಟೀಲ್ ಪಾತ್ರೆ ಕೊಡುವ ಹೆಂಗಸರು ಈಗಲೂ ತಲೆಯ ಮೇಲೆ ಬುಟ್ಟಿ ಹೊತ್ತು ಬರುತ್ತಾರೆ. ಮೆತ್ತಗಾದ ಹತ್ತಿಯ ಸೀರೆಯಾದರೆ ಅವರಿಗೂ ಕೊಡಬೇಡಿ, ಅದು ಕೌದಿಗೆ. ಮಿಕ್ಸಿಯನ್ನು ಈ ವರ್ಷ ರಿಪೇರಿ ಮಾಡಿಸಲಿಲ್ಲ ಎಂದರೆ ಬರುವ ವರ್ಷವೂ ಮಾಡಿಸುವುದಿಲ್ಲ. ಭಂಗಾರದವನಿಗೆ ಹಾಕಿ.

ಮಲಗುವ ಕಡೆ ಮುಖ್ಯ ಶತ್ರು ತಿಗಣೆ. ಹೋಟೆಲಿನ ಮಾಳಿಗೆಯಲ್ಲಿ ಸಾಲಾಗಿ ಮಲಗಿದವರಿಗೆ ಅದರ ಪರಿಚಯ ಮಾಡಿಕೊಡಬೇಕಾಗಿಲ್ಲ. ಅದು ಹಾಸಿಗೆಯಲ್ಲಿ ಮಾತ್ರ ಇರುವುದಲ್ಲ. ಮಂಚದ ಕೀಲಿನಲ್ಲಿ, ಟ್ರಂಕಿನ ಮಡಿಕೆಯಲ್ಲಿ, ಗೋಡೆಯ ಬಿರುಕಿನಲ್ಲಿ ಅಡಗುತ್ತದೆ, ರಕ್ತವಿಲ್ಲದೆಯೂ ತಿಂಗಳುಗಟ್ಟಲೆ ಬದುಕುತ್ತದೆ. ಚಾದರ ಒಗೆದು ಮಂಚ ಬಿಟ್ಟರೆ ಅರ್ಧ ಕೆಲಸವೂ ಆಗಲಿಲ್ಲ. ಕುದಿಯುವ ನೀರನ್ನು ಕೀಲಿಗೆ ಹೊಯ್ಯಿರಿ, ಬಿರುಕಿಗೆ ಸುಣ್ಣ ತುಂಬಿ.

ಅಡಿಗೆ ಖೋಲಿಯಲ್ಲಿ ಉಗ್ರಾಣದ ಪಾಠ: ಹಳೆಯದು ಮುಂದೆ, ಹೊಸದು ಹಿಂದೆ. ಊರಿನಿಂದ ಅಮ್ಮ ಕಟ್ಟಿಕೊಟ್ಟ ಹಪ್ಪಳ, ಸಂಡಿಗೆ, ಉಪ್ಪಿನಕಾಯಿಯನ್ನು ಹಬ್ಬಕ್ಕೆಂದು ಹಿಂದೆ ದೂಡಿ ದೂಡಿ ಕೊನೆಗೆ ಹುಳಕ್ಕೆ ಬಡಿಸುತ್ತೇವೆ. ಅವಳು ಅದನ್ನು ತಿನ್ನಲಿಕ್ಕೆ ಕೊಟ್ಟದ್ದು. ತೆಗೆದು ತಿನ್ನಿ. ನೀರುಳ್ಳಿ ಬಟಾಟೆ ಒಂದೇ ಬುಟ್ಟಿಯಲ್ಲಿ ಬೇಡ, ಎರಡೂ ಬೇಗ ಕೆಡುತ್ತವೆ. ಹಿತ್ತಾಳೆಗೆ ಹುಣಸೆ, ಜಿಡ್ಡಿಗೆ ಬಿಸಿನೀರು ಮತ್ತು ವಾಷಿಂಗ್ ಸೋಡಾ. ಇದಕ್ಕಿಂತ ಹೆಚ್ಚು ಹೇಳಿದರೆ ಇಲ್ಲಿ ಕುಳಿತ ಭಟ್ಟರು ನಮ್ಮನ್ನು ಪರೀಕ್ಷೆ ಮಾಡಿಯಾರು.

ಮೋರಿಯಲ್ಲಿ ಎರಡು ಎಚ್ಚರಿಕೆ. ಬ್ಲೀಚಿಂಗ್ ಪುಡಿಯನ್ನೂ ಕಕ್ಕಸಿಗೆ ಹಾಕುವ ಆಸಿಡ್ಡನ್ನೂ ಎಂದೂ ಕೂಡಿಸಬೇಡಿ. ಅದರಿಂದ ಏಳುವ ಕ್ಲೋರಿನ್ ಗಾಳಿ ಮುಚ್ಚಿದ ಜಾಗದಲ್ಲಿ ಎದೆಯನ್ನು ಸುಡುತ್ತದೆ, ಪ್ರಾಣಕ್ಕೂ ಎರವಾದೀತು. ಎರಡನೆಯದು ನೀರಿನ ಡ್ರಮ್ಮು. ಡೆಂಗ್ಯೂ ಸೊಳ್ಳೆ ತನ್ನ ಮೊಟ್ಟೆಯನ್ನು ಡ್ರಮ್ಮಿನ ಒಳಮೈಗೆ, ನೀರಿನ ಗೆರೆಯ ಸ್ವಲ್ಪ ಮೇಲೆ ಅಂಟಿಸುತ್ತದೆ. ನೀರು ಚೆಲ್ಲಿದರೆ ಮೊಟ್ಟೆ ಹೋಗುವುದಿಲ್ಲ. ಒಣಗಿಯೂ ತಿಂಗಳುಗಟ್ಟಲೆ ಉಳಿದು, ನೀರು ಮುಟ್ಟಿದಾಗ ಮರಿಯಾಗುತ್ತದೆ. ಆದುದರಿಂದ ವಾರಕ್ಕೊಮ್ಮೆ ಡ್ರಮ್ಮು ಬರಿದು ಮಾಡಿ ಒಳಗೋಡೆಯನ್ನು ತೆಂಗಿನ ನಾರಿನಿಂದ ತಿಕ್ಕಬೇಕು.

ಬಾಗಿಲ ಹೊರಗಿನದೊಂದು ಮಾತು ದಿಂಡೋರಿಗೇ ಸೇರಿದ್ದು. ನಮ್ಮಲ್ಲಿ ಹಲವರ ಬಾಡಿಗೆ ಖೋಲಿಗಳು ದ್ರಾಕ್ಷಿ ತೋಟದ ಅಂಚಿನಲ್ಲೇ ಉಂಟು. ಬೂದಿರೋಗಕ್ಕೆ ಗಂಧಕ, ಬೇರೆ ಬೇರೆ ರೋಗಕ್ಕೆ ಬೇರೆ ಬೇರೆ ಔಷಧಿ ಎಂದು ಸಿಂಪಡಿಸಿದ ಮೇಲೆ ಉಳಿಯುವುದು ಖಾಲಿ ಡಬ್ಬ. ಗಟ್ಟಿಯಾದ ಡಬ್ಬ, ಒಳ್ಳೆ ಮುಚ್ಚಳ, ಪುಕ್ಕಟೆ. ಅದರಲ್ಲಿ ಅಕ್ಕಿ ತುಂಬಿಟ್ಟ ಮನೆಯನ್ನು ನಾವು ಕಂಡಿದ್ದೇವೆ, ಸ್ನಾನದ ಮಗ್ಗು ಮಾಡಿಕೊಂಡವರನ್ನೂ ಕಂಡಿದ್ದೇವೆ. ಎಷ್ಟು ತೊಳೆದರೂ ಅದು ಔಷಧಿಯ ಡಬ್ಬವೇ. ಇದನ್ನು ಭಂಗಾರಕ್ಕೂ ಹಾಕಬೇಡಿ, ಬೇರೆ ಯಾರೋ ಅದರಲ್ಲಿ ಎಣ್ಣೆ ತುಂಬಿಯಾರು. ತೂತು ಹೊಡೆದು ತೋಟದವರಿಗೇ ಹಿಂದೆ ಕೊಡಿ.

ಇಷ್ಟನ್ನು ನಾವು ಹೇಳದಿದ್ದರೂ ನೀವು ಮಾಡುತ್ತಿದ್ದಿರಿ. ಇಪ್ಪತ್ತೈದು ಕಿಲೋಮೀಟರ್ ದೂರದ ನಾಸಿಕದಲ್ಲಿ ಇಳಿದು, ಅಲ್ಲಿಂದ ಬಸ್ಸು ಹತ್ತಿ ಬಂದದ್ದು ಟ್ರಂಕಿನ ಕಾರಣಕ್ಕೆ. ಅದನ್ನು ಹೇಳುತ್ತೇವೆ.

2007ನೆಯ ಇಸವಿ, ದಸರೆಗೆ ಮುಂಚಿನ ಸೋಮವಾರ. ಮುಂಬಯಿಯ ಒಂದು ಹೋಟೆಲಿನ ಮಾಳಿಗೆ. ಮಾಲೀಕರು ಪೂಜೆಗೆ ಬರುತ್ತಾರೆ, ಮಾಳಿಗೆ ಚೊಕ್ಕ ಆಗಬೇಕು ಎಂದು ಅಪ್ಪಣೆಯಾಯಿತು. ನಾವು ಐದು ಮಂದಿ ಹುಡುಗರು, ಕ್ಲೀನರು ಮತ್ತು ಮೋರಿವಾಲಾ ಕೆಲಸದವರು, ಹತ್ತಿದೆವು. ಮೂಲೆಯಲ್ಲಿ ಒಂದು ತುಕ್ಕು ಹಿಡಿದ ಟ್ರಂಕು. ಕುಂದಾಪುರದ ಕಡೆಯ ಹಿರಿಯ ಅಡಿಗೆಯವರದು. ನಾವು ಅವರನ್ನು ಅಣ್ಣಯ್ಯ ಎನ್ನುತ್ತಿದ್ದೆವು. ಕಾಲು ಬಾತು ನಿಲ್ಲಲಾಗದೆ ಎರಡು ತಿಂಗಳ ಹಿಂದೆ ಊರಿಗೆ ಹೋಗಿದ್ದರು. 'ಇನ್ನು ಬರಲಿಕ್ಕಿಲ್ಲ' ಎಂದು ಯಾರೋ ಅಂದರು. ಬೀಗ ಒಡೆದೆವು. ಒಳಗೆ ಎರಡು ಪಂಚೆ, ಒಂದು ದೇವರ ಪಟ, ಉಳಿದದ್ದೆಲ್ಲ ಕಾಗದ. ಪಂಚೆಯನ್ನು ಒರೆಸಲಿಕ್ಕೆ ಇಟ್ಟುಕೊಂಡೆವು, ಪಟವನ್ನು ಗಲ್ಲಾದ ಹತ್ತಿರ ಇಟ್ಟೆವು. ಟ್ರಂಕಿಗೆ 35 ರೂಪಾಯಿ, ಕಾಗದಕ್ಕೆ 12 ರೂಪಾಯಿ ಬಂತು. ಆ 47 ರೂಪಾಯಿಯಲ್ಲಿ ಐದು ಮಂದಿ ಭೇಲ್ ತಿಂದೆವು. ಮಾಳಿಗೆ ಕನ್ನಡಿಯ ಹಾಗಾಗಿತ್ತು. ಮಾಲೀಕರು ಭೇಷ್ ಎಂದರು.

ದೀಪಾವಳಿ ಕಳೆದು ಅಣ್ಣಯ್ಯ ಬಂದರು. ಕೆಲಸಕ್ಕಲ್ಲ, ಲೆಕ್ಕ ಚುಕ್ತಾ ಮಾಡಿಸಿಕೊಳ್ಳಲಿಕ್ಕೆ. ಹತ್ತೊಂಬತ್ತು ವರ್ಷ ಒಂದೇ ಒಲೆಯ ಮುಂದೆ ನಿಂತವರು. ನಡುವೆ ಹೋಟೆಲಿನ ಮಾಲೀಕತ್ವ ಬದಲಾಗಿತ್ತು, ಹೊಸಬರ ರಿಜಿಸ್ಟರಿನಲ್ಲಿ ಅವರ ಹೆಸರು ಮೂರು ವರ್ಷದಿಂದ ಈಚೆಗೆ ಮಾತ್ರ. ಆಗ ಜಾರಿಯಲ್ಲಿದ್ದ 1972ರ ಗ್ರಾಚುಯಿಟಿ ಕಾಯ್ದೆಯಂತೆ ಐದು ವರ್ಷ ಆದವನಿಗೆ ವರ್ಷವೊಂದಕ್ಕೆ ಹದಿನೈದು ದಿನದ ಪಗಾರ. ಅವರ ಪಗಾರ ತಿಂಗಳಿಗೆ ನಾಲ್ಕು ಸಾವಿರ. ಹತ್ತೊಂಬತ್ತು ವರ್ಷಕ್ಕೆ ಸುಮಾರು 44 ಸಾವಿರ ಆಗುತ್ತಿತ್ತು. ಮೂರು ವರ್ಷಕ್ಕೆ ಏನೂ ಇಲ್ಲ. ಮಾಲೀಕ ಬದಲಾದರೂ ಹಳೆಯ ಸೇವೆ ಅಳಿಯುವುದಿಲ್ಲ ಎಂದು ವಕೀಲರು ಹೇಳಿದರು. ಆದರೆ ಸೇವೆ ಇತ್ತು ಎಂಬುದಕ್ಕೆ ಏನು ಉಂಟು, ತನ್ನಿ ಎಂದರು. ಉಂಟಾದದ್ದೆಲ್ಲ ಟ್ರಂಕಿನಲ್ಲಿತ್ತು. ತಿಂಗಳು ತಿಂಗಳು ಪಗಾರ ಕೊಟ್ಟಾಗ ಹಳೆಯ ಮ್ಯಾನೇಜರು ಸಹಿ ಹಾಕುತ್ತಿದ್ದ ಪುಸ್ತಕ, ಪ್ರಾವಿಡೆಂಟ್ ಫಂಡಿನ ಚೀಟಿಗಳು, ಊರಿಗೆ ಹೋಗುವಾಗ ಬರೆಸಿಕೊಂಡ ರಜೆ ಚೀಟಿಗಳು.

ಅವರು ನಮ್ಮನ್ನು ಬೈಯಲಿಲ್ಲ. 'ಮೊದಲನೇ ತಿಂಗಳಿನ ಸಹಿಯೂ ಅದರಲ್ಲಿತ್ತು ಮಾರಾಯ' ಎಂದರು, ಅಷ್ಟೆ. ಭಂಗಾರದವನ ಅಂಗಡಿಗೆ ಓಡಿದೆವು. ರದ್ದಿ ಎಂದೋ ಹೋಗಿಯಾಗಿತ್ತು.

ಇನ್ನೊಬ್ಬರ ಸಾಮಾನನ್ನು ಚೊಕ್ಕ ಮಾಡುವ ಹೆಸರಿನಲ್ಲಿ ಮುಟ್ಟುವುದು ಸಣ್ಣ ಸಂಗತಿಯಲ್ಲ. 1897ರಲ್ಲಿ ಪುಣೆಯಲ್ಲಿ ಪ್ಲೇಗು ಇದ್ದಾಗ ರ‍್ಯಾಂಡ್ ಸಾಹೇಬನ ಕೈಕೆಳಗೆ ಸೋಲ್ಜರುಗಳು ಮನೆ ಮನೆ ನುಗ್ಗಿ ಸಾಮಾನನ್ನು ಬೀದಿಗೆ ಎಸೆದರು, ಸುಟ್ಟರು. ರೋಗ ತೊಲಗಿಸುವುದೇ ಉದ್ದೇಶವಾಗಿತ್ತು. ಆದರೆ ಯಾರನ್ನೂ ಕೇಳಲಿಲ್ಲ. ಜನರ ಸಿಟ್ಟು ಎಲ್ಲಿಯವರೆಗೆ ಹೋಯಿತೆಂದರೆ ಜೂನ್ 22ರ ರಾತ್ರಿ ಚಾಪೇಕರ ಸಹೋದರರು ಅವನಿಗೆ ಗುಂಡು ಹೊಡೆದರು. ನಮಗೆ ಅಣ್ಣಯ್ಯ ಒಂದು ಮಾತೂ ಹೊಡೆಯಲಿಲ್ಲ. ಅದೇ ಹೆಚ್ಚು ನೋಯುತ್ತದೆ.

ಈಗ ನಿಮ್ಮ ಮನೆಗೆ ಬನ್ನಿ. ಕಾಗದವನ್ನು ಓದದೆ ರದ್ದಿಗೆ ಹಾಕಬೇಡಿ, ಓದಲು ಬಾರದಿದ್ದರೆ ಓದಬಲ್ಲವರು ಬರುವ ತನಕ ಇಟ್ಟುಕೊಳ್ಳಿ. ಪಗಾರ ಚೀಟಿ, ಕೆಲಸಕ್ಕೆ ಸೇರಿದ ಕಾಗದ, ಹೋಟೆಲಿನ ಹಳೆಯ ಗುರುತು ಚೀಟಿ, ಇ.ಎಸ್.ಐ. ಕಾರ್ಡು, ಮಕ್ಕಳ ಲಸಿಕೆ ಕಾರ್ಡು, ಶಾಲೆಯ ಸರ್ಟಿಫಿಕೇಟು, ಖೋಲಿಯ ಬಾಡಿಗೆ ಕರಾರು ಇವು ಉಳಿಯಬೇಕು. 2014ರಿಂದ ಪ್ರಾವಿಡೆಂಟ್ ಫಂಡಿಗೆ ಹನ್ನೆರಡು ಅಂಕಿಯ ಒಂದು ನಂಬರು ಬಂದಿದೆ. ಹೋಟೆಲು ಬದಲಿಸಿದರೂ ಅದೇ ನಡೆಯುತ್ತದೆ. ಅದನ್ನು ಟ್ರಂಕಿನ ಮುಚ್ಚಳದ ಒಳಗೆ ಬಣ್ಣದಲ್ಲಿ ಬರೆದಿಟ್ಟರೂ ತಪ್ಪಿಲ್ಲ. ಮದುವೆಯ ಕರೆಯೋಲೆಗಳು ಹೋಗಲಿ. ಗೋಡೆಯ ಹಳೆಯ ಕಾಲನಿರ್ಣಯವನ್ನು ಮಾತ್ರ ತೆಗೆಯುವ ಮುಂಚೆ ಹನ್ನೆರಡು ಪುಟವನ್ನೂ ಮಗುಚಿ ನೋಡಿ. ಹಾಲಿನ ಲೆಕ್ಕದ ಪಕ್ಕದಲ್ಲಿ ಯಜಮಾನರ ರಜೆ, ಡಬಲ್ ಡ್ಯೂಟಿ, ಅಡ್ವಾನ್ಸ್ ತೆಗೆದ ತಾರೀಕು ಬರೆದಿರುತ್ತದೆ. ನಿಮ್ಮ ಮನೆಯ ಹಾಜರಿ ಪುಸ್ತಕ ಅದೇ.

ಮತ್ತು ಖೋಲಿಯಲ್ಲಿ ಊರಿಗೆ ಹೋದವರ ಟ್ರಂಕು ಇದ್ದರೆ, ಒರೆಸಿ, ಸರಿಸಿ, ಅಡಿಯಲ್ಲಿ ಗುಡಿಸಿ, ಪುನಃ ಅಲ್ಲೇ ಇಡಿ. ಬೇಡವೇ ಬೇಡ ಎಂದಾದರೆ ಮೊದಲು ಊರಿಗೆ ಫೋನು ಮಾಡಿ. ಈಗ ಎಲ್ಲರ ಕಿಸೆಯಲ್ಲೂ ಫೋನು ಉಂಟು. 2007ರಲ್ಲಿ ಹೋಟೆಲಿನ ಗಲ್ಲಾದಲ್ಲೂ ಇತ್ತು, ನಾವು ಮಾಡಲಿಲ್ಲ.

ಬಾಗಿಲ ಹತ್ತಿರ ಮುಚ್ಚಳವಿರುವ ಹನ್ನೆರಡು ಖಾರಿ ಬಿಸ್ಕೀಟಿನ ಡಬ್ಬ ಇಟ್ಟಿದ್ದೇವೆ, ಬೇಕರಿಯವರು ಕೊಟ್ಟದ್ದು, ತೊಳೆದು ಒಣಗಿಸಿದ್ದೇವೆ. ಮನೆಗೊಂದರಂತೆ ಕಾಗದ ಇಡಲಿಕ್ಕೆ ಒಯ್ಯಿರಿ. ಯಾವುದು ಇಡಬೇಕು ಯಾವುದು ಬೇಡ ಎಂದು ತಿಳಿಯದ ಕಾಗದ ಇದ್ದವರು ಚಹಾ ಕುಡಿದ ಮೇಲೆ ಹೋಗಿ ತನ್ನಿ. ನಮ್ಮ ಬಸ್ಸು ಆರು ಗಂಟೆಗೆ, ಅಲ್ಲಿಯ ತನಕ ಕುಳಿತು ಓದಿ ಹೇಳುತ್ತೇವೆ.