ಕಡಲ ಕಡೆಗೆ ಮುಖಮಾಡಿದ ಕಿಂಡಿಗಳು

ಈ ವಾರ ನಮ್ಮ ಬೀದಿಯ ಹುಡುಗಿ ಮಂಗಳೂರಿನ ಶಾಲಾ ಪ್ರವಾಸದ ಫೋಟೊ ತೋರಿಸಿದಳು. ಬೋಳೂರಿನ ಸುಲ್ತಾನ್ ಬತ್ತೇರಿ. ಕರಿಕಲ್ಲಿನ ಗೋಡೆಯ ತೋಪಿನ ಕಿಂಡಿಯಲ್ಲಿ ಅವಳ ಗೆಳತಿ ಮುಖವಿಟ್ಟು ನಗುತ್ತಿದ್ದಾಳೆ. “ಇಲ್ಲಿಂದ ಯಾರಿಗೆ ಹೊಡೀತಿದ್ರು ಮಾವ?” ಅಂದಳು.

ಹಡಗಿಗಮ್ಮ, ಅಂದೆ. ಟಿಪ್ಪು ಸುಲ್ತಾನ್ ಅದನ್ನು ಕಟ್ಟಿಸಿದ್ದು 1784ರಲ್ಲಿ; ಶತ್ರುವಿನ ಹಡಗು ಕಡಲಿನಿಂದ ಗುರುಪುರ ನದಿಯೊಳಕ್ಕೆ ನುಗ್ಗಬಾರದೆಂದು. ಆ ಅಂಜಿಕೆಗೆ ಕಾರಣವಿತ್ತು. 1768ರಲ್ಲಿ ಬೊಂಬಾಯಿಯಿಂದ ಹಡಗೇರಿ ಬಂದ ಇಂಗ್ಲಿಷರು ಹೈದರನಿಂದ ಮಂಗಳೂರನ್ನು ಕಿತ್ತುಕೊಂಡಿದ್ದರು. ಊರು ಮರಳಿ ಕೈಗೆ ಬಂತು, ನಿಜ. ಆದರೆ ಪೆಟ್ಟು ಬಿದ್ದ ದಿಕ್ಕನ್ನು ಯಾರು ತಾನೇ ಮರೆಯುತ್ತಾರೆ?

1799ರಲ್ಲಿ ಇಂಗ್ಲಿಷರು ಬಂದದ್ದು ಕಡಲ ಕಡೆಯಿಂದಲ್ಲ, ನಮ್ಮ ಒಳನಾಡಿನ ಕಡೆಯಿಂದ. ಮದರಾಸು ಸೀಮೆಯಿಂದ ನೆಲದ ಮೇಲೆ ನಡೆದು, ಮಾರ್ಚ್ 27ರಂದು ಮಳವಳ್ಳಿಯಲ್ಲಿ ಕಾದಾಡಿ, ಸೋಸಲೆಯ ಹತ್ತಿರ ಕಾವೇರಿ ದಾಟಿ ಶ್ರೀರಂಗಪಟ್ಟಣಕ್ಕೆ ಹೋದರು. ಬೊಂಬಾಯಿಯ ದಂಡೂ ಕಣ್ಣೂರಿನಿಂದ ಕೊಡಗಿನ ದಾರಿ ಹಿಡಿಯಿತು. ಮೇ 4ಕ್ಕೆ ಟಿಪ್ಪುವಿನ ಪಾಲಿಗೆ ಎಲ್ಲ ಮುಗಿಯಿತು.

ಕಡಲಿಗೆ ಮುಖಮಾಡಿದ ಬತ್ತೇರಿಗೆ ಹೀಗಾದದ್ದು ಇದೊಂದೇ ಸಲವಲ್ಲ. ಎರಡನೇ ಮಹಾಯುದ್ಧದಲ್ಲಿ ಜರ್ಮನ್ನರು ಇಂಗ್ಲೆಂಡಿಗೆ ಎದುರಾಗಿ ಫ್ರಾನ್ಸಿನ ದಡದಲ್ಲಿ ಟೋಟ್ ಎಂಬ ಬತ್ತೇರಿ ಕಟ್ಟಿದ್ದರು. 38 ಸೆಂಟಿಮೀಟರ್ ಬಾಯಿಯ ನಾಲ್ಕು ತೋಪುಗಳು, ಒಂದೊಂದಕ್ಕೂ ದಪ್ಪ ಕಾಂಕ್ರೀಟಿನ ಗೂಡು. 1944ರ ಸೆಪ್ಟೆಂಬರ್ ಕೊನೆಯಲ್ಲಿ ಕೆನಡಾದ ಸೈನಿಕರು ಅದನ್ನು ಹಿಡಿದದ್ದೂ ನೆಲದ ಕಡೆಯಿಂದಲೇ. ಆ ಗೂಡುಗಳಲ್ಲೊಂದು ಈಗ ಮ್ಯೂಸಿಯಂ.

ಕಾದವರನ್ನು ದಡ್ಡರು ಅನ್ನಲು ನನಗೆ ಮನಸ್ಸು ಬಾರದು. ನಮ್ಮ ಕೌದಳ್ಳಿಯ ಕಡೆ ಮುಸುಕಿನ ಜೋಳ ಕಾಯುವವರು ಅಟ್ಟಣೆಯ ಮೇಲೆ ಕಾಡಿಗೆ ಮುಖಮಾಡಿಯೇ ಕೂರುತ್ತಾರೆ. ಹಿಂದಿನ ಸಲ ಆನೆ ಬಂದದ್ದು ಅಲ್ಲಿಂದ ತಾನೆ? ಒಬ್ಬ ಮನುಷ್ಯ ನಾಲ್ಕೂ ದಿಕ್ಕು ನೋಡಲಾರ. ಅದಕ್ಕೇ ನಡುರಾತ್ರಿಯಲ್ಲೂ ಪಕ್ಕದ ಹೊಲದವರಿಗೆ ಒಂದು ಕೂಗು ಹಾಕುತ್ತಾರೆ. ಇವರ ಬೆನ್ನಿನ ಕಡೆ ಅವರ ಕಣ್ಣಿರುತ್ತದೆ, ಅವರ ಬೆನ್ನಿನ ಕಡೆ ಇವರದು.

ಟಿಪ್ಪುವಿಗೆ ಕೊನೆಯ ಹೊತ್ತಿನಲ್ಲಿ ಅಂಥ ನೆರೆ ಇರಲಿಲ್ಲ. ಪಕ್ಕದ ನಿಜಾಮನ ದಂಡು ಇಂಗ್ಲಿಷರ ಜೊತೆಗೇ ನಡೆದು ಬಂದಿತ್ತು. ಆ ಫೋಟೊ ನೋಡಿದ ಮೇಲೆ ನನಗೆ ಅನ್ನಿಸುತ್ತಿರುವುದು ಇಷ್ಟೇ: ಗೋಡೆ ಬೇಕು, ಕಾವಲೂ ಬೇಕು. ಆದರೆ ಕೂಗಿದರೆ ಓಗೊಡುವ ನೆರೆಯವರೊಬ್ಬರನ್ನು ಉಳಿಸಿಕೊಳ್ಳುವುದಕ್ಕೆ, ಗೋಡೆ ಕಟ್ಟಲು ಪಡುವಷ್ಟಾದರೂ ಶ್ರಮ ಪಡಬೇಕೇನೋ.