ಕೊಟ್ಟಿಗೆಯ ಹಬ್ಬ



ನಮ್ಮ ಚರ್ಚ್‌ಗೇಟಿಗೆ ಆ ಹೆಸರು ಬಂದದ್ದು ಫೋರ್ಟಿನ ಸೇಂಟ್ ಥಾಮಸ್ ಚರ್ಚಿನಿಂದ. 1718ರ ಕ್ರಿಸ್ಮಸ್ ದಿನ ಅದು ಆರಾಧನೆಗೆ ತೆರೆಯಿತು.

ಕಪ್ಪುಬಸಿ ತೊಳೆಯುತ್ತಿದ್ದ ಕಾಲದಲ್ಲಿ ಒಂದು ಕ್ರಿಸ್ಮಸ್ಸಿಗೆ ನಾನು ಅಲ್ಲಿಗೆ ಹೋಗಿದ್ದೆ. ಕರೆದೊಯ್ದವನು ನಮ್ಮ ಹೋಟೆಲಿನ ಮಂಗಳೂರಿನ ಹುಡುಗ, ಬಾಸೆಲ್ ಮಿಶನ್ ಸಭೆಯವನು. ಮಾಲೀಕರು ರಜೆ ಕೊಡಲಿಲ್ಲ. ನಮ್ಮಿಬ್ಬರ ಕೆಲಸವನ್ನು ಉಳಿದವರು ಹೊತ್ತುಕೊಂಡರು.

ಇಂಗ್ಲಿಷ್ ಹಾಡುಗಳು ನನಗೆ ತಿಳಿಯಲಿಲ್ಲ. ಹುಡುಗ ಕಿವಿಯಲ್ಲಿ ಹೇಳಿದ: “ಛತ್ರದಲ್ಲಿ ಜಾಗ ಸಿಗಲಿಲ್ಲ ಅಣ್ಣ, ಅದಕ್ಕೇ ಸ್ವಾಮಿಯನ್ನು ಗೋದಲಿಯಲ್ಲಿ ಮಲಗಿಸಿದರು.” ರಾತ್ರಿ ಹೋಟೆಲಿನ ಮೇಜಿನ ಮೇಲೆ ಮಲಗುತ್ತಿದ್ದ ನನಗೆ ಆ ಮಾತು ಚೆನ್ನಾಗಿ ತಿಳಿಯಿತು.

ಅಂದು ಅವನಿಗೆ ಹಬ್ಬ ಕೊಟ್ಟವರು ಜೊತೆಗಾರರು. ಮುಂದಿನ ಚೌತಿಗೆ ಅವನು ನಮ್ಮ ಪಾಳಿ ಮಾಡಿದ. ಹಬ್ಬದ ರಜೆ ಎಲ್ಲ ಮತದವರಿಗೂ ಸಿಗಬೇಕು. ಒಟ್ಟಾಗಿ ಕೇಳೋಣ.